ಒಂಬತ್ತು ಅಂಗಡಿಗೆ ಒಂದೇ ಭದ್ರತಾ ನಿಯಮ ತರುವುದು ಹೇಗೆ?

ಪ್ರಶ್ನೆ: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ನಮ್ಮ ಮನೆತನದ ಒಂಬತ್ತು ಬಟ್ಟೆ ಮತ್ತು ಕಿರಾಣಿ ಅಂಗಡಿಗಳಿವೆ. ಒಂದೊಂದು ಕಡೆ ಒಂದೊಂದು ಪದ್ಧತಿ. ಯಾದಗಿರಿಯಲ್ಲಿ ಶಟರ್ ಕೀಲಿಕೈ ಮ್ಯಾನೇಜರ್ ಮನೆಗೆ ಹೋಗುತ್ತದೆ, ಹುಮನಾಬಾದಿನಲ್ಲಿ ವಾಚ್‌ಮನ್ ಹತ್ತಿರ ಇರುತ್ತದೆ. ಹೋದ ತಿಂಗಳು ಬೀದರಿನಲ್ಲಿ ಸೀರೆ ಕದ್ದಳೆಂದು ಒಬ್ಬ ಹೆಣ್ಣುಮಗಳನ್ನು ಗೋದಾಮಿನಲ್ಲಿ ಎರಡು ತಾಸು ಕೂಡಿಸಿದರು. ಬಿಲ್ ಅವರ ಚೀಲದಲ್ಲೇ ಇತ್ತು. ಎಲ್ಲ ಕಡೆ ಒಂದೇ ನಿಯಮ ತರುವುದು ಹೇಗೆ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಮೊದಲು ಆ ಹೆಣ್ಣುಮಗಳ ಮನೆಗೆ ಹೋಗಿ ಕ್ಷಮೆ ಕೇಳಿರಿ. ನಿಯಮ ಬರೆಯುವುದನ್ನೂ ಅಲ್ಲಿಂದಲೇ ಶುರುಮಾಡಿ.

ಒಬ್ಬರನ್ನು ಹೊರಗೆ ಹೋಗಗೊಡದೆ ಕೋಣೆಯಲ್ಲಿ ಕೂಡಿಸುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಪ್ರಕಾರ ಅಪರಾಧ. ಕಳ್ಳರನ್ನು ಯಾರು ಬೇಕಾದರೂ ಹಿಡಿಯಬಹುದು ಎಂದು ಗಾರ್ಡುಗಳು ನಂಬಿರುತ್ತಾರೆ. ಬಂಧನ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಅಷ್ಟು ಸಡಿಲವಾಗಿಲ್ಲ. ಜಾಮೀನುರಹಿತ ಹಾಗೂ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಕಣ್ಣೆದುರೇ ನಡೆದಿರಬೇಕು. ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ 6 ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳ್ಳತನ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ನಿಮ್ಮ ಅಂಗಡಿಯ ಎಷ್ಟು ಸೀರೆ ಆ ಬೆಲೆ ದಾಟುತ್ತವೆ, ನೋಡಿರಿ.

ಹಾಗಾಗಿ ಒಂಬತ್ತೂ ಕಡೆ ಒಂದೇ ಮಾತಿರಲಿ: "ಅಕ್ಕಾರ, ಬಿಲ್ ಒಂದ್ಸಲ ತೋರಸ್ರಿ." ಮೈ ಮುಟ್ಟಬಾರದು, ಬೀದಿಗೆ ಬೆನ್ನಟ್ಟಿ ಹೋಗಬಾರದು, ಒಳಕೋಣೆಗೆ ಕರೆಯಬಾರದು. ಅವರು ಒಪ್ಪದಿದ್ದರೆ ಮ್ಯಾನೇಜರ್ 112ಕ್ಕೆ ಫೋನ್ ಮಾಡಲಿ. ಬಾಗಿಲಲ್ಲಿ ಚೀಲಕ್ಕೆ ಟೋಕನ್ ಕೊಡುವುದಾದರೆ ಎಲ್ಲರಿಗೂ ಕೊಡಿ. ಬುರ್ಖಾದವರ, ಲಂಬಾಣಿ ಉಡುಪಿನವರ, ಹಳೇ ಚಪ್ಪಲಿಯವರ ಚೀಲ ಮಾತ್ರ ನೋಡುವ ಗಾರ್ಡ್ ನಿಮ್ಮ ಅಂಗಡಿಯ ಹೆಸರು ಕೆಡಿಸುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಅದು ಅನ್ಯಾಯ.

ಇನ್ನು ಗಲ್ಲಾ. ಗಿರಾಕಿಯ ಚೀಲದ ಮೇಲೆ ಕಣ್ಣಿಟ್ಟು ಕೂತವರಿಗೆ ಬಿಲ್ಲಿಂಗ್ ಕೌಂಟರಿನಲ್ಲಿ ಸೋರುವುದು ಕಾಣುವುದಿಲ್ಲ. ಗಿರಾಕಿ ರೊಕ್ಕ ಕೊಟ್ಟು ಹೋದ ಮೇಲೆ ಬಿಲ್ ಕ್ಯಾನ್ಸಲ್ ಮಾಡುವುದು, ಮಾಲು ವಾಪಸ್ ಬರದೆಯೇ ರಿಟರ್ನ್ ತೋರಿಸುವುದು ಹಳೆಯ ದಾರಿಗಳು. ಇವಕ್ಕೆ ಆಸರೆ ಎಲ್ಲರೂ ಬಳಸುವ ಒಂದೇ ಪಾಸ್‌ವರ್ಡ್. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡಿ. ಕ್ಯಾನ್ಸಲ್ ಮತ್ತು ರಿಟರ್ನಿಗೆ ಕಾರಣ ಬರೆದು ಎರಡನೆಯವರು ಸಹಿ ಹಾಕಲಿ. ರಾತ್ರಿ ಗಲ್ಲಾ ಎಣಿಸಲು ಇಬ್ಬರಿರಲಿ. ಕೀಲಿಕೈ ಯಾರಿಂದ ಯಾರಿಗೆ, ಎಷ್ಟು ಗಂಟೆಗೆ ಹೋಯಿತೆಂದು ರಿಜಿಸ್ಟರಿನಲ್ಲಿ ಬರೆಯಲಿ. ಮ್ಯಾನೇಜರ್ ಬಿಟ್ಟುಹೋದ ದಿನವೇ ಕೀಲಿ ಬದಲಾಗಬೇಕು. ನಿಮ್ಮ ಸ್ವಂತ ತಮ್ಮ ಬಂದು ಗಲ್ಲಾದಿಂದ ರೊಕ್ಕ ತೆಗೆದರೂ ಚೀಟಿ ಬರೆಯಬೇಕು. ಮನೆಯವರಿಗೆ ವಿನಾಯಿತಿ ಸಿಕ್ಕಿತೆಂದರೆ ಉಳಿದವರೂ ನಿಯಮ ಬಿಡುತ್ತಾರೆ.

ಕ್ಯಾಮೆರಾ ಬಗ್ಗೆ ಎರಡೇ ಮಾತು. ಜನ ಹೆಚ್ಚು ಸೇರುವ ಜಾಗಗಳಿಗೆ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದೃಶ್ಯ ಉಳಿಸಿಡಲು ಹೇಳುತ್ತದೆ. ರೆಕಾರ್ಡರಿನ ಗಡಿಯಾರ ಸರಿಯಿದೆಯೇ, ಕರೆಂಟ್ ಹೋದಾಗ ಯುಪಿಎಸ್ ಹಿಡಿಯುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಿ. ಗಾರ್ಡ್ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಲೈಸೆನ್ಸ್ ಇದೆಯೇ ಎಂದೂ ಕೇಳಿ.

ಇಷ್ಟನ್ನು ಬಿಟ್ಟು ಉಳಿದದ್ದು ಅಂಗಡಿಗೆ ತಕ್ಕಂತೆ ಇರಲಿ. ಶರಣಬಸವೇಶ್ವರ ಜಾತ್ರೆಯ ದಿನ ಕಲಬುರಗಿಯಲ್ಲಿ ಬೇಕಾಗುವಷ್ಟು ಗಾರ್ಡುಗಳು ಶಹಾಪುರದ ಸಣ್ಣ ಅಂಗಡಿಗೆ ಬೇಡ.

ನಿಯಮ ಎರಡು ಪುಟ ದಾಟದಿರಲಿ. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ, ಬೀದರಿಗೆ ಮರಾಠಿ ಪ್ರತಿಯೂ ಬೇಕಾದೀತು. ಓದಲು ಬಾರದವರಿಗೆ ಬಾಯಿಂದ ಹೇಳಿ, ಅವರಿಂದ ತಿರುಗಿ ಹೇಳಿಸಿರಿ. ತಪಾಸಣೆಗೆ ಬೀದರಿನ ಮ್ಯಾನೇಜರನ್ನು ಯಾದಗಿರಿಗೆ, ಯಾದಗಿರಿಯವರನ್ನು ಹುಮನಾಬಾದಿಗೆ ತಿಂಗಳಿಗೊಮ್ಮೆ ಹೇಳದೆ ಕಳಿಸಿ. ಕಂಡ ಲೋಪವನ್ನು ಅವರು ನೇರ ನಿಮಗೇ ಬರೆದುಕೊಡಲಿ.