ಹೆದ್ದಾರಿ ಪಕ್ಕ ಜಾಗ ಇದೆ, ಇವಿ ಚಾರ್ಜಿಂಗ್ ಸ್ಟೇಷನ್ ಹಾಕಲಾ? ಭಾರತದಲ್ಲಿ ಮೊದಲು ಬರಬೇಕಾದದ್ದು ಚಾರ್ಜರಾ, ಗಾಡಿಯಾ?

ಇದೇ ಲೆಕ್ಕಾಚಾರ 2018ರ ಕೊನೆಯಲ್ಲಿ ನನ್ನ ತಲೆಯಲ್ಲೂ ಓಡುತ್ತಿತ್ತು. ಹಾಸನದ ಕಡೆ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಅಂಟಿಕೊಂಡ ಜಾಗ, ಕೈಯಲ್ಲಿ ಸ್ವಲ್ಪ ಹಣ, ಉಳಿದದ್ದಕ್ಕೆ ಬ್ಯಾಂಕ್ ಸಾಲ. ಆ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತ್ತು. ಗಾಡಿ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟ ಅಲ್ಲ, ಅದೊಂದು ಸೇವೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಅಂತ. ಕರ್ನಾಟಕವಂತೂ 2017ರಲ್ಲೇ, ಬೇರೆಲ್ಲ ರಾಜ್ಯಗಳಿಗಿಂತ ಮೊದಲು, ಇವಿ ನೀತಿ ತಂದಿತ್ತು. ಮೊದಲು ಹೋದವನಿಗೆ ಲಾಭ ಅಂದುಕೊಂಡೆ.

ಡಿಸೆಂಬರ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಸಾರ್ವಜನಿಕ ಸ್ಟೇಷನ್ ಅಂದರೆ ಕನಿಷ್ಠ ಏನೇನು ಇರಬೇಕು ಅಂತ ಅದರಲ್ಲಿ ಪಟ್ಟಿ ಇತ್ತು: ಸಿಸಿಎಸ್ 50 ಕಿಲೋವ್ಯಾಟ್, ಚಾಡೆಮೊ 50, ಟೈಪ್-2 ಎಸಿ 22, ಭಾರತ್ ಡಿಸಿ-001ಕ್ಕೆ 15, ಭಾರತ್ ಎಸಿ-001ಕ್ಕೆ 10. ಇವೆಲ್ಲ ಬೇರೆ ಬೇರೆ ಬಗೆಯ ಚಾರ್ಜಿಂಗ್ ಪ್ಲಗ್‌ಗಳ ಹೆಸರು. ಡಿಸಿ ಅಂದರೆ ಬ್ಯಾಟರಿಗೆ ನೇರ ಹೋಗುವ ವಿದ್ಯುತ್, ಎಸಿ ಅಂದರೆ ಮನೆಯ ಸಾಕೆಟ್‌ನಲ್ಲಿ ಬರುವಂಥದ್ದು. ನಾನು ಆ ಪಟ್ಟಿ ಹಿಡಿದುಕೊಂಡೇ ಯಂತ್ರಗಳಿಗೆ ಆರ್ಡರ್ ಕೊಟ್ಟೆ. ಐದೂ ಬಗೆ. ಅಷ್ಟು ಲೋಡ್‌ಗೆ ತಕ್ಕ ಟ್ರಾನ್ಸ್‌ಫಾರ್ಮರ್, ಅದಕ್ಕೆ ತಕ್ಕ ಕೇಬಲ್.

ನಾನು ಮುಳುಗಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೊಸಬರು ಇವತ್ತಿಗೂ ಬೇರೆ ರೂಪದಲ್ಲಿ ಇದನ್ನೇ ಮಾಡುತ್ತಿದ್ದಾರೆ.

ಆಗ ರಸ್ತೆಯಲ್ಲಿದ್ದ ಎಲೆಕ್ಟ್ರಿಕ್ ಕಾರು ಅಂದರೆ ಹೆಚ್ಚಾಗಿ ಮಹೀಂದ್ರ ಇ-ವೆರಿಟೊ ಮತ್ತು ಟಾಟಾ ಟಿಗೋರ್‌ನ ಮೊದಲ ಇವಿ. ಸರಕಾರಿ ಕಚೇರಿಗಳಿಗೆ, ಟ್ಯಾಕ್ಸಿಗಳಿಗೆ ಹೋದ ಕಾರುಗಳು ಅವು. ಬ್ಯಾಟರಿ 72 ವೋಲ್ಟ್ ಆಸುಪಾಸಿನದು. 72 ವೋಲ್ಟ್‌ಗೆ 200 ಆಂಪಿಯರ್ ಹರಿಸಿದರೂ ಸಿಗುವುದು 14.4 ಕಿಲೋವ್ಯಾಟ್. ಭಾರತ್ ಡಿಸಿ-001 ಯಂತ್ರ 15 ಕಿಲೋವ್ಯಾಟ್‌ಗೆ ನಿಂತದ್ದು ಅದಕ್ಕೇ. ಅದು ಆ ಕಾರುಗಳಿಗೆಂದೇ ಹುಟ್ಟಿದ ಯಂತ್ರ. ಆದರೆ ಆ ಕಾರುಗಳು ಬೆಂಗಳೂರು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅವುಗಳ ರೇಂಜ್‌ಗೆ ಹಾಸನ ದೂರದ ಊರು. ಹೆದ್ದಾರಿಯಲ್ಲಿ ಕೂತ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಮುಂದೆ ಏನಾಯಿತು ನೋಡಿ. 2019ರ ಜುಲೈನಲ್ಲಿ ಹ್ಯುಂಡೈ ಕೋನಾ ಬಂತು. 2020ರ ಜನವರಿಯಲ್ಲಿ ಎಂಜಿ ಝಡ್‌ಎಸ್ ಇವಿ ಮತ್ತು ಟಾಟಾ ನೆಕ್ಸಾನ್ ಇವಿ ಬಂದವು. ಮೂರಕ್ಕೂ ಸಿಸಿಎಸ್-2, ಅಂದರೆ ನಮ್ಮಲ್ಲಿ ಬಳಸುವ ಸಿಸಿಎಸ್ ಪ್ಲಗ್. ನೆಕ್ಸಾನ್ ಬ್ಯಾಟರಿ 300 ವೋಲ್ಟ್‌ಗೂ ಮೇಲೆ. ಅಡಾಪ್ಟರ್ ಹಾಕಿದರೆ ಆಗಲ್ವಾ ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ. ಆಗಲ್ಲ. ಪ್ಲಗ್ಗಿನ ಆಕಾರ ಬದಲಿಸಬಹುದು, ಆದರೆ 100 ವೋಲ್ಟ್ ಒಳಗೆ ಕೊಡಲೆಂದು ಕಟ್ಟಿದ ಭಾರತ್ ಡಿಸಿ-001 ಯಂತ್ರದಿಂದ 300 ವೋಲ್ಟ್ ಹೊರಡಿಸಲು ಆಗುವುದಿಲ್ಲ. ಚಾಡೆಮೊ ಕಥೆ ಇನ್ನೂ ಕಷ್ಟದ್ದು. ಅದು ಜಪಾನಿನ ಪದ್ಧತಿ, ಇಲ್ಲಿ ಜನ ಕೊಂಡ ಕಾರುಗಳಲ್ಲಿ ಅದು ಇರಲೇ ಇಲ್ಲ. ನನ್ನ ಯಂತ್ರದ ಆ ಗನ್, ಅಂದರೆ ಕೇಬಲ್ ತುದಿಯ ಪ್ಲಗ್, ಹುಕ್ಕಿನಲ್ಲಿ ನೇತಾಡುತ್ತಲೇ ಉಳಿಯಿತು.

ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಸಿಸಿಎಸ್ ಮತ್ತು ಚಾಡೆಮೊ ಎರಡೂ ಇದ್ದ ಆ ಯಂತ್ರ ಒಂದು ಸಲಕ್ಕೆ ಒಂದೇ ಕಾರಿಗೆ ಡಿಸಿ ಕೊಡುತ್ತಿತ್ತು. ಮುಂದೆ ನೆಕ್ಸಾನ್‌ಗಳು ಮಂಗಳೂರು ಕಡೆ ಓಡಾಡಲು ಶುರುವಾದಾಗ ಎರಡನೇ ಕಾರು ಮುಕ್ಕಾಲು ಗಂಟೆ ಕಾಯಬೇಕಾಯಿತು. ಕಾದವರು ಮುಂದಿನ ಸಲ ಬರಲಿಲ್ಲ. ಉಪಯೋಗಕ್ಕೆ ಬಾರದ ಪ್ಲಗ್‌ಗಳಿಗೆ ಸುರಿದ ಹಣದಲ್ಲಿ ನಾನು ಇನ್ನೊಂದು ಸಿಸಿಎಸ್ ಗನ್ ಹಾಕಬಹುದಿತ್ತು. ಬಂದ ಗಿರಾಕಿಯನ್ನು ಉಳಿಸಿಕೊಳ್ಳಬಹುದಿತ್ತು. ಜೊತೆಗೆ ಪ್ರತಿ ತಿಂಗಳ ಬಿಲ್‌ನಲ್ಲಿ ಮಂಜೂರಾದ ಲೋಡ್‌ಗೆ ನಿಗದಿತ ಶುಲ್ಕ. ಒಂದು ಯೂನಿಟ್ ಖರ್ಚಾಗದಿದ್ದರೂ ಅದು ಬರುತ್ತದೆ.

ಮಾರ್ಗಸೂಚಿಯನ್ನು ನಾನು ದೂರುವುದಿಲ್ಲ. 2019ರ ಅಕ್ಟೋಬರ್‌ನಲ್ಲೇ ಅದನ್ನು ತಿದ್ದಿ, ಯಾವ ಚಾರ್ಜರ್ ಬೇಕೋ ಅದನ್ನು ಹಾಕಿಕೊಳ್ಳಿ ಅಂತ ಮಾಲೀಕರಿಗೇ ಬಿಟ್ಟರು. ಆರು ತಿಂಗಳು ಕಾದಿದ್ದರೆ ಯಾವ ಕಾರು ಬರುತ್ತಿದೆ, ಅದರ ಪ್ಲಗ್ ಯಾವುದು ಅಂತ ನನಗೂ ಕಾಣುತ್ತಿತ್ತು. ನಾನು ರಸ್ತೆ ನೋಡಲಿಲ್ಲ, ಕಾಗದ ನೋಡಿದೆ.

ಈಗ ನಿಮ್ಮ ಪ್ರಶ್ನೆಗೆ. ಮೊದಲು ಚಾರ್ಜರಾ, ಗಾಡಿಯಾ ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಮಾರಾಟವಾಗುವ ಇವಿಗಳಲ್ಲಿ ಬಹುಪಾಲು ಸ್ಕೂಟರ್ ಮತ್ತು ಮೂರು ಚಕ್ರದ ಗಾಡಿಗಳು. ಅವು ಯಾವ ಹೆದ್ದಾರಿ ಸ್ಟೇಷನ್ನಿಗೂ ಕಾಯಲಿಲ್ಲ. ಮನೆಯ ಸಾಕೆಟ್‌ನಲ್ಲಿ ರಾತ್ರಿ ಹಾಕುತ್ತಾರೆ, ಬೆಳಗ್ಗೆ ತೆಗೆಯುತ್ತಾರೆ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಕಾರು ಬಂದಾಗಲೂ ಜನ ಹಾಗೇ ಓಡಿಸಿದರು, ಮನೆಯ 15 ಆಂಪಿಯರ್ ಸಾಕೆಟ್ ಸಾಕಿತ್ತು. ಹಾಗಾಗಿ ದೇಶದ ಚಾರ್ಜಿಂಗ್ ವ್ಯವಸ್ಥೆ ಅಂದಾಗ ನಾನು ಮೊದಲು ನೋಡುವುದು ಅಪಾರ್ಟ್‌ಮೆಂಟ್ ಪಾರ್ಕಿಂಗನ್ನು. ಅಲ್ಲಿ ಒಂದು ಪಾಯಿಂಟ್ ಹಾಕಿಸಿಕೊಳ್ಳಲು ಸಂಘದ ಜೊತೆ ಜಗಳ ಆಡಿ ಸುಸ್ತಾಗಿ ಪೆಟ್ರೋಲ್ ಗಾಡಿಯನ್ನೇ ಕೊಂಡವರು ನನಗೆ ಗೊತ್ತು. ವಿದ್ಯುತ್ ಗ್ರಾಹಕರ ಹಕ್ಕಿನ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ಮಾಡಿ, ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯಲು ಅವಕಾಶ ಕೊಟ್ಟರು. ನನ್ನ ಪ್ರಕಾರ ನೂರಾರು ಹೆದ್ದಾರಿ ಯಂತ್ರಗಳಿಗಿಂತ ಅದು ದೊಡ್ಡ ಕೆಲಸ. 2023ರಲ್ಲಿ ಸ್ಕೂಟರ್‌ನಂಥ ಹಗುರ ಗಾಡಿಗಳಿಗೆ ಭಾರತದ್ದೇ ಒಂದು ಕನೆಕ್ಟರ್ ಮಾನದಂಡವನ್ನು ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಒಪ್ಪಿದ್ದೂ ಅಷ್ಟೇ ಮುಖ್ಯ. ಅದು ನಾಲ್ಕೈದು ವರ್ಷ ಮೊದಲೇ ಬಂದು ಎಲ್ಲ ಕಂಪನಿಗಳೂ ಅದಕ್ಕೇ ಬಂದಿದ್ದರೆ ಎಷ್ಟೋ ಹಣ ಉಳಿಯುತ್ತಿತ್ತು.

ಉದ್ಯಮದ ಮಾತು ಬಂದರೆ ನಮ್ಮ ಕೊರತೆ ಇರುವುದು ಬ್ಯಾಟರಿಯೊಳಗಿನ ಸೆಲ್‌ನಲ್ಲಿ. ಬ್ಯಾಟರಿ ಪ್ಯಾಕ್ ಇಲ್ಲಿ ಕಟ್ಟುತ್ತೇವೆ, ಒಳಗಿನ ಸೆಲ್ ಹೆಚ್ಚಾಗಿ ಚೀನಾದಿಂದ ಬರುತ್ತದೆ. 2021ರಲ್ಲಿ ಸೆಲ್ ಇಲ್ಲೇ ತಯಾರಿಸಲು ಕೇಂದ್ರ ಸರಕಾರ 18,100 ಕೋಟಿ ರೂಪಾಯಿಯ ಯೋಜನೆ ಘೋಷಿಸಿ 50 ಗಿಗಾವ್ಯಾಟ್ ಗಂಟೆ ಸಾಮರ್ಥ್ಯದ ಗುರಿ ಇಟ್ಟಿತು, ಕೆಲಸ ಅದಕ್ಕಿಂತ ತುಂಬ ಹಿಂದೆ ಇದೆ. ಮಂಡ್ಯದ ಮರಳಗಾಲದಲ್ಲಿ ಸೆಲ್‌ಗೆ ಬೇಕಾದ ಲಿಥಿಯಂ ಸಿಕ್ಕಿತು ಅಂತ ನಾವೆಲ್ಲ ಖುಷಿಪಟ್ಟೆವು. ಅಲ್ಲಿ ಇದೆ ಅಂತ ಅಂದಾಜಿಸಿದ್ದು 1,600 ಟನ್. ಅದು ಸಣ್ಣ ಮೊತ್ತ. ಮತ್ತೆ, ಕಲ್ಲು ಸಿಕ್ಕಿದರೆ ಸಾಲದು. ಅದನ್ನು ಶುದ್ಧ ಮಾಡುವ, ಅದರಿಂದ ಕ್ಯಾಥೋಡ್ (ಸೆಲ್‌ನ ಧನ ಧ್ರುವ) ಮಾಡುವ ಕಾರ್ಖಾನೆಗಳು ಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರಿಗೆ ಬೇಕಾದ ಅಪರೂಪದ ಲೋಹಗಳ ಮ್ಯಾಗ್ನೆಟ್ ರಫ್ತು ಬಿಗಿ ಮಾಡಿದಾಗ ನಮ್ಮ ಕಂಪನಿಗಳು ಒದ್ದಾಡಿದ್ದನ್ನು ನೋಡಿದಿರಲ್ವಾ? ಹೆದ್ದಾರಿಯಲ್ಲಿ ಎಷ್ಟು ಚಾರ್ಜರ್ ನೆಟ್ಟರೂ ಆ ಕೊರತೆ ತುಂಬುವುದಿಲ್ಲ.

ಚಾರ್ಜರ್ ಬೇಡ ಅಂತ ಅಲ್ಲ. 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇದಕ್ಕೆಂದೇ 2,000 ಕೋಟಿ ಇಟ್ಟಿದ್ದಾರೆ, ಗುರಿ 72,300 ಚಾರ್ಜರ್. ನನ್ನ ತಕರಾರು ಒಂದೇ. ಯಂತ್ರ ಎಣಿಸಬೇಡಿ, ಆ ಯಂತ್ರದಿಂದ ಗಾಡಿಗೆ ಹೋದ ಯೂನಿಟ್ ಎಣಿಸಿ. ನೆಟ್‌ವರ್ಕ್ ಇಲ್ಲದೆ, ಬಿಡಿಭಾಗ ಸಿಗದೆ, ನೋಡುವವರಿಲ್ಲದೆ ಕೆಟ್ಟು ನಿಂತ ಚಾರ್ಜರ್ ಕೂಡ ಲೆಕ್ಕದಲ್ಲಿ ಚಾರ್ಜರೇ. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ 8% ಚಾರ್ಜ್‌ನಲ್ಲಿ ಅದನ್ನು ನಂಬಿ ಬಂದವರನ್ನು ನಾನು ಕಂಡಿದ್ದೇನೆ. ಅವರು ಊರಿಗೆ ಹೋಗಿ ಹತ್ತು ಜನಕ್ಕೆ ಇವಿ ತಗೋಬೇಡಿ ಅಂತಾರೆ. ಸಬ್ಸಿಡಿಯ ಒಂದು ಪಾಲನ್ನು ಯಂತ್ರ ಓಡಿದ ಮೇಲೆ, ಓಡಿದ ಯೂನಿಟ್ಟಿಗೆ ಕೊಡಬೇಕು. ಹಾಗೇ, ಗಾಡಿಗೆ 5% ಜಿಎಸ್‌ಟಿ, ಸ್ಟೇಷನ್ನಿನಲ್ಲಿ ಚಾರ್ಜ್ ಮಾಡುವ ಸೇವೆಗೆ 18% ಅನ್ನುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಆ ತೆರಿಗೆ ಇಲ್ಲ. ಸ್ವಂತ ಪಾರ್ಕಿಂಗ್ ಇಲ್ಲದವರಿಗೆ ಅದನ್ನು ಕಟ್ಟದೆ ಬೇರೆ ದಾರಿಯಿಲ್ಲ.

ನಿಮ್ಮ ಜಾಗಕ್ಕೆ ಬರೋಣ. ಹಾಕಿ, ಆದರೆ ಚಿಕ್ಕದಾಗಿ ಶುರು ಮಾಡಿ. 60 ಕಿಲೋವ್ಯಾಟ್‌ನ ಒಂದು ಯಂತ್ರ, ಎರಡೂ ಗನ್ ಸಿಸಿಎಸ್-2, ಇಬ್ಬರು ಬಂದರೆ ಪವರ್ ಹಂಚಿಕೊಳ್ಳುವಂಥದ್ದು. ಪಕ್ಕದಲ್ಲಿ ಸ್ಕೂಟರ್‌ಗಳಿಗೆ ಎರಡು ಸಾದಾ ಪಾಯಿಂಟ್. ಮಾರುವವರು 120, 240 ಅಂತ ಆಸೆ ಹುಟ್ಟಿಸುತ್ತಾರೆ, ಈಗಲೇ ಬೇಡ. ಆದರೆ ಕೇಬಲ್ ಹೂಳುವಾಗ ಮುಂದೆ ದೊಡ್ಡದು ಹಾಕುವಷ್ಟು ಪೈಪ್ ಬಿಟ್ಟುಕೊಳ್ಳಿ. 60 ಕಿಲೋವ್ಯಾಟ್ ಯಂತ್ರ ದಿನಕ್ಕೆ 5% ಹೊತ್ತು ಓಡಿದರೆ, ಅಂದರೆ 1 ಗಂಟೆ 12 ನಿಮಿಷ, ಹೋಗುವುದು 72 ಯೂನಿಟ್. ಯೂನಿಟ್ಟಿಗೆ ನಿಮಗೆ ಉಳಿಯುವ ಹಣದಿಂದ ಅದನ್ನು ಗುಣಿಸಿ, ಪಕ್ಕದಲ್ಲಿ ಸಾಲದ ಕಂತು ಇಟ್ಟು ನೋಡಿ. ಮೊದಲೆರಡು ವರ್ಷ ಅದು ಹೊಂದುವುದಿಲ್ಲ. ಆ ನಡುವಿನ ನಷ್ಟವನ್ನು ಹೋಟೆಲೋ ಅಂಗಡಿಯೋ ಹೊರಬೇಕು. ಬೇರೆ ವ್ಯಾಪಾರ ಇಲ್ಲದ ಖಾಲಿ ಜಾಗ ಆಗಿದ್ದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಯಂತ್ರದ ಕೊಟೇಶನ್ ತರಿಸುವ ಮುಂಚೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಮೇಲಿನ ಫಲಕ ಓದಿ. ಕೆವಿಎ ಅಂದರೆ ಅದು ಹೊರಬಲ್ಲ ಲೋಡ್. 63 ಕೆವಿಎ ಅಂತಿದ್ದರೆ ನಿಮ್ಮ ಒಂದು ಯಂತ್ರವೇ ಅದನ್ನು ತುಂಬಿಬಿಡುತ್ತದೆ, ಊರಿನ ಪಂಪ್‌ಸೆಟ್‌ಗಳಿಗೆ ಏನೂ ಉಳಿಯುವುದಿಲ್ಲ. ಆಗ ಹೊಸ ಟ್ರಾನ್ಸ್‌ಫಾರ್ಮರ್ ಖರ್ಚು ನಿಮ್ಮ ತಲೆಗೇ ಬರಬಹುದು. ಆಮೇಲೆ ಒಂದು ಶನಿವಾರ, ಒಂದು ಸೋಮವಾರ ರಸ್ತೆ ಬದಿ ಕೂತು ಹಸಿರು ನಂಬರ್ ಪ್ಲೇಟಿನ ಕಾರುಗಳನ್ನು ಎಣಿಸಿ. ಕೆವಿಎ ಎಷ್ಟು, ಕಾರು ಎಷ್ಟು, ನಿಮ್ಮ ಹತ್ತಿರದ ಸ್ಟೇಷನ್ ಎಷ್ಟು ಕಿಲೋಮೀಟರ್ ದೂರ, ಅದು ಓಡುತ್ತಿದೆಯಾ ಇಲ್ಲವಾ, ಇಷ್ಟನ್ನು ಕಾಮೆಂಟ್‌ನಲ್ಲಿ ಬರೆಯಿರಿ. ಕೂತು ಲೆಕ್ಕ ಹಾಕಿ ಹೇಳುತ್ತೇನೆ.