ಗೇರ್‌ಬಾಕ್ಸ್ ಜೋಡಿಸಿದ ಮೇಲೆ ಒಂದು ಬಾಲ್ ಉಳಿದಿದೆ, ಮುಚ್ಚಬಹುದಾ?

ಪ್ರಶ್ನೆ: ನಮ್ಮಲ್ಲಿ ಹಳೆಯ ಮಿತ್ಸುಬಿಶಿ ಶಕ್ತಿ 18.5 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ. ಅಡಿಕೆ ತೋಟದ ಕೆಲಸಕ್ಕೆಲ್ಲ ಅದೇ. ಏರಿನಲ್ಲಿ ಟ್ರೈಲರ್ ಎಳೆಯುವಾಗ ಎರಡನೇ ಗೇರ್ ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ನಾನೂ ತಮ್ಮನೂ ಸೇರಿ ಕೊಟ್ಟಿಗೆಯಲ್ಲೇ ಗೇರ್‌ಬಾಕ್ಸ್ ಬಿಚ್ಚಿದೆವು. ಬೇರಿಂಗ್, ಆಯಿಲ್ ಸೀಲ್ ಹೊಸದು ಹಾಕಿದ್ದೇವೆ. ಈಗ ಒಂದು ಸಣ್ಣ ಉಕ್ಕಿನ ಬಾಲ್, ಎರಡು ತೆಳು ಶಿಮ್ (ಅಂತರ ಹೊಂದಿಸುವ ಬಳೆ) ಉಳಿದಿವೆ. ನೋಡೋದಕ್ಕೆ ಎಲ್ಲ ಸರಿಯಾಗೇ ಇದೆ. ಮುಚ್ಚಿ ಎಂಜಿನ್‌ಗೆ ಜೋಡಿಸಬಹುದಾ? ಯಾವ ಎಣ್ಣೆ ಹಾಕಬೇಕು?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ದಯವಿಟ್ಟು ಈಗಲೇ ಮುಚ್ಚಬೇಡಿ. ಉಳಿದಿರುವ ಈ ಮೂರು ತುಂಡುಗಳೇ ನಿಮ್ಮ ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತದೆ ಅನ್ನೋದನ್ನು ತೀರ್ಮಾನಿಸುತ್ತವೆ. ಇಷ್ಟು ಕೆಲಸ ನೀವೇ ಮಾಡಿದ್ದೀರಿ, ಇನ್ನೊಂದು ದಿನ ಹೋದರೂ ಪರವಾಗಿಲ್ಲ.

ಮೊದಲು ಬಾಲ್. ಗೇರ್ ಹಾಕುವ ಫೋರ್ಕ್‌ಗಳು ಉದ್ದನೆಯ ರಾಡ್‌ಗಳ ಮೇಲೆ ಕೂತಿರುತ್ತವೆ, ಅಲ್ವಾ? ಪ್ರತಿ ರಾಡ್‌ಗೂ ಒಂದು ಸ್ಪ್ರಿಂಗ್, ಅದರ ತುದಿಯಲ್ಲಿ ಒಂದು ಬಾಲ್ ಇರುತ್ತದೆ. ಅದು ರಾಡ್‌ನ ಗುಳಿಯಲ್ಲಿ ಕೂತು ಗೇರನ್ನು ಹಿಡಿದಿಡುತ್ತದೆ. ಸ್ಪ್ರಿಂಗ್‌ಗಳನ್ನು ಒಂದೊಂದೇ ತೆಗೆದು ಕೆಳಗೆ ಬಾಲ್ ಇದೆಯಾ ನೋಡಿ. ಒಂದರಲ್ಲಿ ಇಲ್ಲದಿದ್ದರೆ ಇದು ಅಲ್ಲಿಯದೇ. ಸ್ಪ್ರಿಂಗ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಎತ್ತರವನ್ನೂ ಹೋಲಿಸಿ. ಒಂದು ಗಿಡ್ಡ ಆಗಿದ್ದರೆ ಬದಲಾಯಿಸಿ.

ಎಲ್ಲ ಕಡೆ ಬಾಲ್ ಇದ್ದರೆ ವಿಷಯ ಇನ್ನೂ ಗಂಭೀರ. ಎರಡು ರಾಡ್‌ಗಳ ನಡುವೆ ಅಡ್ಡ ತೂತಿನಲ್ಲಿ ಇಂಟರ್‌ಲಾಕ್ ಅಂತ ಒಂದು ಬಾಲ್ ಅಥವಾ ಪಿನ್ ಇರುತ್ತದೆ. ಒಂದು ಗೇರ್ ಬಿದ್ದಾಗ ಇನ್ನೊಂದು ಬೀಳದಂತೆ ತಡೆಯುವುದೇ ಅದರ ಕೆಲಸ. ಅದಿಲ್ಲದೆ ಓಡಿಸಿದರೆ ಒಂದಲ್ಲ ಒಂದು ದಿನ ಎರಡು ಗೇರ್ ಒಟ್ಟಿಗೆ ಬಿದ್ದು ಗೇರ್ ಡಬ್ಬಿ ಜಾಮ್ ಆಗುತ್ತದೆ. ಹಲ್ಲು ಮುರಿಯುತ್ತದೆ, ಕೆಲವೊಮ್ಮೆ ಕೇಸಿಂಗೇ ಬಿರುಕು ಬಿಡುತ್ತದೆ. ಪರೀಕ್ಷೆ ಸುಲಭ. ಒಂದು ರಾಡನ್ನು ಗೇರಿಗೆ ಸರಿಸಿ, ಪಕ್ಕದ್ದನ್ನು ಸ್ಕ್ರೂಡ್ರೈವರ್‌ನಿಂದ ತಳ್ಳಿ. ಅದು ಅಲ್ಲಾಡಬಾರದು. ಹೈ-ಲೋ ಲಿವರ್‌ನ (ಹೆಚ್ಚು-ಕಡಿಮೆ ವೇಗ ಆರಿಸುವ ಲಿವರ್) ರಾಡ್ ಮಾತ್ರ ಬೇರೆ ಲೆಕ್ಕ, ಅದು ಸರಿದರೆ ಗಾಬರಿ ಬೇಡ.

ಇನ್ನೊಂದು ಮಾತು ಹೇಳಲೇಬೇಕು. ಬೇರಿಂಗ್ ಬದಲಾಯಿಸಿದ ಮಾತ್ರಕ್ಕೆ ನಿಮ್ಮ ಎರಡನೇ ಗೇರಿನ ಕಾಯಿಲೆ ಹೋಗುತ್ತದೆ ಅನ್ನೋ ಭರವಸೆ ಇಲ್ಲ. ಇದು ಗೇರೇ ಜಾರಿ ಕಚ್ಚಿಕೊಳ್ಳುವ ಸ್ಲೈಡಿಂಗ್ ಮೆಶ್ ಡಬ್ಬಿ. ಟ್ರ್ಯಾಕ್ಟರ್ ಪೂರ್ತಿ ನಿಲ್ಲುವ ಮೊದಲೇ ಕರಕರ ಅನ್ನಿಸಿ ಗೇರ್ ಹಾಕಿದರೆ ಹಲ್ಲಿನ ತುದಿ ಸವೆದು ದುಂಡಗಾಗುತ್ತದೆ. ಲೋಡ್ ಬಿದ್ದಾಗ ಆ ಓರೆಯೇ ಗೇರನ್ನು ಹೊರಗೆ ತಳ್ಳುತ್ತದೆ. ಬಾಲ್, ಸ್ಪ್ರಿಂಗ್ ಎಷ್ಟೇ ಹೊಸದಾದರೂ ಆಗ ಹಿಡಿಯಲಾರವು. ಎರಡನೇ ಗೇರಿನ ಹಲ್ಲಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಫೋರ್ಕ್‌ನ ಎರಡು ಕಾಲುಗಳೂ ತೆಳುವಾಗಿವೆಯಾ ಗಮನಿಸಿ. ಸವೆದ ಫೋರ್ಕ್ ಗೇರನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಹಲ್ಲು ಪೂರ್ತಿ ಅಗಲಕ್ಕೆ ಕೂಡದಿದ್ದರೆ ಏರಿನಲ್ಲಿ ಬಿಟ್ಟುಕೊಳ್ಳದೆ ಇನ್ನೇನಾಗುತ್ತದೆ? ಡಬ್ಬಿ ತೆರೆದಿರುವಾಗಲೇ ಇದನ್ನು ಸರಿಮಾಡಿ.

ಶಿಮ್‌ಗಳನ್ನು ಜನ ಸುಮ್ನೆ ವಾಷರ್ ಅಂದುಕೊಂಡು ಪಕ್ಕಕ್ಕೆ ಎಸೆಯುತ್ತಾರೆ. ಅವು ಶಾಫ್ಟಿನ ಆಟ (ಹಿಂದೆ ಮುಂದೆ ಅಲುಗುವುದು) ಎಷ್ಟಿರಬೇಕು, ಪಿನಿಯನ್ (ಶಾಫ್ಟಿನ ತುದಿಯ ಸಣ್ಣ ಗೇರ್) ಕ್ರೌನ್‌ಗೆ (ಅದು ತಿರುಗಿಸುವ ದೊಡ್ಡ ಗೇರ್) ಎಷ್ಟು ಹತ್ತಿರ ಕೂರಬೇಕು ಅನ್ನೋದನ್ನು ಹಿಡಿದಿಡುವ ತುಂಡುಗಳು. ಇಲ್ಲಿ 0.1 ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ಶಿಮ್‌ನ ಒಳ ಮತ್ತು ಹೊರ ಅಳತೆಯನ್ನು ಬೇರಿಂಗ್ ಕವರ್‌ಗಳ ಜತೆ ಹೊಂದಿಸಿ ನೋಡಿ. ಅದರ ಮೇಲೆ ಒತ್ತಿದ ಗುರುತೂ ಇರುತ್ತದೆ, ಜಾಗ ಸಿಗುತ್ತದೆ. ಕವರ್ ಬಿಗಿದ ಮೇಲೆ ಶಾಫ್ಟ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಟೇಪರ್ ಬೇರಿಂಗ್ ಇರುವ ಕಡೆ ಹಿಂದೆ ಮುಂದೆ ಕಟಕಟ ಆಡಬಾರದು. ಪೇಪರ್ ಗ್ಯಾಸ್ಕೆಟ್‌ನ ದಪ್ಪವೂ ಈ ಲೆಕ್ಕದಲ್ಲೇ ಸೇರಿದೆ. ಹಾಗಾಗಿ ಅದನ್ನು ಬಿಟ್ಟು ಬರೀ ಅನಾಬಾಂಡ್‌ನಂಥ ಸೀಲಿಂಗ್ ಅಂಟು ಬಳಿಯಬೇಡಿ.

ಶಿಮ್ ಪಿನಿಯನ್ ಹಿಂದಿನದಾದರೆ ಹಲ್ಲುಗಳಿಗೆ ತೆಳುವಾಗಿ ಪ್ರಷ್ಯನ್ ಬ್ಲೂ (ಹಲ್ಲು ಕಚ್ಚುವ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ ತಿರುಗಿಸಿ. ಗುರುತು ಹಲ್ಲಿನ ನಡುಭಾಗದಲ್ಲಿ ಬರಬೇಕು. ತುದಿಗೋ ಬುಡಕ್ಕೋ ಹೋದರೆ ಅಲ್ಲಿಗೆ ನಿಲ್ಲಿಸಿ, ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮೀಟರ್) ಇರುವ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಈ ಒಂದು ಕೆಲಸಕ್ಕೆ ಕೊಡುವ ದುಡ್ಡು ದಂಡ ಅಲ್ಲ.

ಬೇರಿಂಗ್ ಹೇಗೆ ಹೊಡೆದಿರಿ ಅಂತ ನೀವು ಬರೆದಿಲ್ಲ. ಶಾಫ್ಟಿಗೆ ಕೂರಿಸುವಾಗ ಹೊರ ಬಳೆಗೆ ಸುತ್ತಿಗೆ ಬಿದ್ದಿದ್ದರೆ ಒಳಗೆ ಗುಂಡುಗಳು ಓಡುವ ದಾರಿಯಲ್ಲಿ ತಗ್ಗು ಬಿದ್ದಿರಬಹುದು. ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಎಲ್ಲಾದರೂ ತಡೆದಂತಾದರೆ ಬದಲಾಯಿಸಿ. ಆಯಿಲ್ ಸೀಲ್‌ನ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗಿರಲಿ.

ಕವರ್ ಮುಚ್ಚುವ ಮೊದಲು ಆರು ಮುಂದಿನ ಗೇರ್, ಎರಡು ರಿವರ್ಸ್ ಎಲ್ಲವನ್ನೂ ಹಾಕಿ, ಕ್ಲಚ್ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರದ ಕಡೆ ಏನೂ ತಿರುಗಬಾರದು.

ಎಂಜಿನ್‌ಗೆ ಕೂಡಿಸುವಾಗ ಜೀವಕ್ಕೇ ಅಪಾಯ ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ಓಲಾಡುತ್ತದೆ. ಆಕ್ಸಲ್ ಮತ್ತು ಫ್ರೇಮ್ ನಡುವೆ ಎರಡೂ ಬದಿಗೆ ಮರದ ಬೆಣೆ ಹೊಡೆಯದಿದ್ದರೆ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಎರಡೂ ಭಾಗಕ್ಕೆ ಗಟ್ಟಿ ಮರದ ದಿಮ್ಮಿ ಕೊಡಿ. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಕ್ಲಚ್ ಪ್ಲೇಟ್ ನಡುಮಧ್ಯಕ್ಕೆ ಕೂತಿರಬೇಕು. ಶಾಫ್ಟ್ ಒಳಗೆ ಹೋಗದಿದ್ದರೆ ಫ್ಲೈವೀಲ್ ಸ್ವಲ್ಪ ತಿರುಗಿಸಿ ಮತ್ತೆ ತಳ್ಳಿ. ಎರಡು ಕೇಸಿಂಗ್ ಕೈಯಲ್ಲೇ ಕೂಡುವವರೆಗೆ ಬೋಲ್ಟ್ ಬಿಗಿಯಬೇಡಿ. ಬೋಲ್ಟ್‌ನಿಂದ ಎಳೆದರೆ ಕ್ಲಚ್ ಪ್ಲೇಟ್ ಬಾಗುತ್ತದೆ, ಇಲ್ಲವೇ ಕೇಸಿಂಗ್‌ನ ಕಿವಿ ಮುರಿಯುತ್ತದೆ.

ಎಣ್ಣೆ ಯಾವುದು, ಎಷ್ಟು ಅನ್ನೋದಕ್ಕೆ ನಿಮ್ಮ ಮಾದರಿಯ ಪುಸ್ತಕದ ಮಾತೇ ಕೊನೆ. ಪುಸ್ತಕ ಕಳೆದಿದ್ದರೆ ಡೀಲರ್ ಹತ್ತಿರ ಮಾದರಿ ಹೇಳಿ ಕೇಳಿ. ಅಂಗಡಿಯವರು ಜಿಎಲ್-5 ದರ್ಜೆಯ ಗೇರ್ ಎಣ್ಣೆ ಜಾಸ್ತಿ ಒಳ್ಳೆಯದು ಅಂತ ಕೊಟ್ಟರೆ ಪುಸ್ತಕ ನೋಡದೆ ಹಾಕಬೇಡಿ. ಒಳಗೆ ಹಿತ್ತಾಳೆ, ಕಂಚಿನ ಬುಷ್ ಇದ್ದರೆ ಆ ಎಣ್ಣೆಯಲ್ಲಿನ ಗಂಧಕ ಅವನ್ನು ತಿನ್ನಬಹುದು. ಮೊದಲ 20-25 ಗಂಟೆ ಹಗುರ ಕೆಲಸ ಮಾಡಿಸಿ, ಎಣ್ಣೆ ಬಿಸಿ ಇರುವಾಗಲೇ ಇಳಿಸಿ ತಿಳಿ ಬಟ್ಟೆಯಲ್ಲಿ ಸೋಸಿ. ನುಣ್ಣನೆಯ ಬೂದು ಕೆಸರು ಸಹಜ. ಕೈಗೆ ಸಿಗುವಂಥ ಚೂರು ಬಂದರೆ ಟ್ರೈಲರ್ ಕಟ್ಟದೆ ಮತ್ತೆ ಕವರ್ ತೆಗೆಯಿರಿ.