ಸ್ವಂತ ಸಣ್ಣ ವಿಮಾನ ಇದ್ರೆ ಶಿರಾಡಿ ಘಾಟಿಯ ಕಾಟ ಇಲ್ಲದೆ ಮಂಗಳೂರಿಂದ ಬೆಂಗಳೂರಿಗೆ ಬೇಕಾದಾಗ ಹೋಗ್ಬಹುದಾ?

ಹೋಗ್ಲಿಕ್ಕೆ ಆಗ್ತದೆ, ಆದ್ರೆ "ಬೇಕಾದಾಗ" ಹೋಗುದು ಕಷ್ಟ ಮಾರ್ರೆ. ಸೆಸ್ನಾ 172 ತರದ ನಾಲ್ಕು ಸೀಟಿನ ವಿಮಾನ ಗಂಟೆಗೆ ಸುಮಾರು 220 ಕಿ.ಮೀ. ಹೋಗ್ತದೆ, ಲೆಕ್ಕಕ್ಕೆ ಒಂದೂವರೆ ಗಂಟೆ ಸಾಕು. ಆದ್ರೆ ಮಳೆಗಾಲದಲ್ಲಿ ಘಟ್ಟದ ಮೇಲೆ ಮೋಡ ಕೂತ್ರೆ, ಬರೀ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದ್ದವ್ರು ಅದ್ರೊಳಗೆ ನುಗ್ಗುವ ಹಾಗಿಲ್ಲ, ಅದಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಅಂತ, ಹೊರಗೆ ಏನೂ ಕಾಣದಿದ್ರೂ ಒಳಗಿನ ಉಪಕರಣ ನೋಡಿಯೇ ಹಾರಿಸ್ಲಿಕ್ಕೆ ಕಲಿಸುವ ಬೇರೆ ಟ್ರೈನಿಂಗ್ ಉಂಟು, ಕುದುರೆಮುಖದ ಶಿಖರವೇ 1,892 ಮೀಟರ್ ಎತ್ತರ ಇರುವಾಗ ಅಂದಾಜಲ್ಲಿ ಹಾರುದು ಜೀವಕ್ಕೇ ಅಪಾಯ. ಫೋನಲ್ಲಿ ಮ್ಯಾಪ್ ಉಂಟಲ್ಲ ಅಂತ ತುಂಬ ಜನ ಕೇಳ್ತಾರೆ. ಜಿಪಿಎಸ್ ನೆಟ್ ಇಲ್ಲದೆನೂ ಕೆಲಸ ಮಾಡ್ತದೆ ನಿಜ, ಆದ್ರೆ ಮೋಡದೊಳಗೆ ರೆಕ್ಕೆ ಒಂದು ಬದಿಗೆ ವಾಲಿದ್ದು ಮ್ಯಾಪ್ ನೋಡಿ ಗೊತ್ತಾಗುದಿಲ್ಲ, ನಮ್ಮ ಕಿವಿಯೊಳಗಿನ ಸಮತೋಲನವೂ ಅಲ್ಲಿ ಮೋಸ ಮಾಡ್ತದೆ.

ನಾಲ್ಕು ಸೀಟು ಉಂಟು ಅಂತ ಫುಲ್ ಟ್ಯಾಂಕ್ ಹಾಕಿ ನಾಲ್ಕು ಜನ ದೊಡ್ಡವ್ರು ಲಗೇಜ್ ಸಮೇತ ಕೂರ್ಲಿಕ್ಕೂ ಆಗುದಿಲ್ಲ, ತೂಕ ಮೀರ್ತದೆ.

ಇನ್ನೊಂದು ತಪ್ಪು ಕಲ್ಪನೆ, ಎಂಜಿನ್ ನಿಂತ್ರೆ ಕಲ್ಲಿನ ಹಾಗೆ ಬೀಳ್ತದೆ ಅಂತ. ಇಲ್ಲ, ಗಾಳಿ ಇಲ್ಲದ ದಿನ 5,000 ಅಡಿ ಎತ್ತರದಿಂದ ಸುಮಾರು 13 ಕಿ.ಮೀ. ತೇಲಿಕೊಂಡು ಹೋಗ್ತದೆ, ಆದ್ರೆ ಕೆಳಗೆ ಕಾಡು, ಗುಡ್ಡ ಇದ್ರೆ ಇಳಿಸ್ಲಿಕ್ಕೆ ಜಾಗ ಬೇಕಲ್ಲ!

ಪೆಟ್ರೋಲಿಗೆ ನೀರು ಸೇರಿದ್ರೂ ಎಂಜಿನ್ ನಿಲ್ಬಹುದು, ಹಾಗಾಗಿ ಪ್ರತಿ ಸಲ ಹಾರುವ ಮೊದ್ಲು ರೆಕ್ಕೆಯಡಿಯ ವಾಲ್ವ್ ಒತ್ತಿ ಪಾರದರ್ಶಕ ಕಪ್ಪಿಗೆ ಸ್ವಲ್ಪ ಪೆಟ್ರೋಲ್ ಬಿಟ್ಟು ಬೆಳಕಿಗೆ ಹಿಡಿದು ನೋಡ್ತಾರೆ, ನೀರು ಸೇರಿದ್ರೆ ಅಡಿಯಲ್ಲಿ ಗುಳ್ಳೆಯ ಹಾಗೆ ನಿಲ್ತದೆ. ನಮ್ಮ ಕರಾವಳಿಯ ತೇವಕ್ಕೆ ಇದನ್ನು ಒಂದು ಸಲವೂ ಬಿಡ್ಲಿಕ್ಕಿಲ್ಲ.